ಗುರುತಿಸಿದವರು: ಗಾರ್ನೆಟ್ ವೆಂಟ್ಜೆಲ್

ಎರಡು ಫೋಟೋಗಳೂ ಒಂದೇ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಹೇಳುವುದೇನು ಬಂತು, ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಸುತ್ತ ಹಳದಿ ಗೆರೆ ಎಳೆದು, ಇನ್ನು ನೀನೇ ನೋಡಿಕೋ ಎಂಬಂತೆ ತೆಪ್ಪಗೆ ಕೂತಿತ್ತು. ಮರ್ನಾ ವೆಂಟ್ಜೆಲ್ ಇನ್ನೂ ಕೋಟು ಬಿಚ್ಚಿರಲಿಲ್ಲ. ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಮಾರ್ಚ್ ಕಳೆಯುವವರೆಗೂ ಕೋಟು ಬಿಚ್ಚುವ ಹಾಗಿಲ್ಲ. ಸಮುದ್ರದ ಕಡೆಯ ಗೋಡೆ ಬೆವರುತ್ತಲೇ ಇರುತ್ತದೆ. ಮೀನು ಒಣಹಾಕುವ ತಟ್ಟಿಗಳ ಮುಂದೆ ಇಬ್ಬರು ಹೆಂಗಸರು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡವರು. ಒಂದು ಪ್ರತಿ ಕಾರ್ಕಮ್ ಮನೆಯವರು ಕೊಟ್ಟದ್ದು, ಇನ್ನೊಂದು ಹಿಲ್ಟ್ಸರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಹಳೆಯ ಕ್ಯಾಟಲಾಗಿನಲ್ಲಿ ಎರಡೂ ಬೇರೆ ಬೇರೆ ಮೂಲೆಯಲ್ಲಿ ಹಾಯಾಗಿ ಮಲಗಿದ್ದವು, ಒಂದನ್ನು ಕಂಡವರು ಇನ್ನೊಂದನ್ನು ಕಾಣುವ ಸಂಭವವೇ ಇರಲಿಲ್ಲ. ಹೊಸದು ಹಾಗಲ್ಲ, ಚಿತ್ರಕ್ಕೆ ಚಿತ್ರ ಹೊಂದಿಸಿ ನೋಡುತ್ತದೆ. ಎಡಗಡೆಯ ಫೋಟೋದ ಕೆಳಗೆ, ಬಲತುದಿಯ ಹೆಂಗಸು ಲೆಟಿ ಹಿಲ್ಟ್ಸ್ ಎಂದಿತ್ತು. ಬಲಗಡೆಯದರ ಕೆಳಗೆ ಅದೇ ಹೆಂಗಸು ಪರ್ಲ್ ಝ್ವಿಕರ್. ಎರಡರ ಕೆಳಗೂ ಇನ್ನೊಂದು ಸಾಲು, ಒಂದಕ್ಷರ ವ್ಯತ್ಯಾಸವಿಲ್ಲದೆ: ಗುರುತಿಸಿದವರು, ಗಾರ್ನೆಟ್ ವೆಂಟ್ಜೆಲ್.

ಅವಳಿಗೆ ಆಶ್ಚರ್ಯವಾಗಲಿಲ್ಲ. ಆಗಲಿಲ್ಲವಲ್ಲ ಎಂಬುದೇ ಅವಳನ್ನು ಕುರ್ಚಿಯಲ್ಲಿ ಕುಗ್ಗಿಸಿತು. ಗಂಡನ ತಪ್ಪು ಕಣ್ಣಿಗೆ ಬಿದ್ದಾಗ ಹೆಂಡತಿಯಾದವಳು ಒಂದು ಗಳಿಗೆಯಾದರೂ ಇರಲಾರದು ಎಂದುಕೊಳ್ಳಬೇಕು. ಇವಳು ಮಾತ್ರ ಬಹಳ ದಿನದಿಂದ ಬರುತ್ತೇವೆ ಬರುತ್ತೇವೆ ಎನ್ನುತ್ತಿದ್ದ ನೆಂಟರು ಕೊನೆಗೂ ಗೇಟು ತೆಗೆದ ಹಾಗೆ ನೋಡಿದಳು. ಲೆಟಿ ಹಿಲ್ಟ್ಸ್ ಎಂದು ಅವನು ಹೇಳಿದ್ದು ಒಂದು ಬುಧವಾರ, ಮೇಲಿನ ಕೋಣೆಯಲ್ಲಿ, ಎಲ್ಲರೂ ಕಾಫಿ ಹಿಡಿದು ಕೂತಿದ್ದಾಗ. ಪರ್ಲ್ ಝ್ವಿಕರ್ ಎಂದದ್ದು ಈಚೆಗೆ, ಮನೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ. ಪರ್ಲ್ ಝ್ವಿಕರ್‌ಗೆ ಚಿಕ್ಕಂದಿನಿಂದಲೇ ಎಡಗೈ ಮೊಣಕೈಯಿಂದ ಕೆಳಕ್ಕೆ ಇರಲಿಲ್ಲ, ಅದು ಊರಿಗೆಲ್ಲ ಗೊತ್ತು. ಫೋಟೋದ ಹೆಂಗಸು ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ನಿಂತಿದ್ದಾಳೆ. ಮರ್ನಾ ಆವತ್ತೂ ಆ ಎರಡು ಕೈಗಳನ್ನು ನೋಡಿದ್ದಳು. ನೋಡಿ, ಹೌದಾ ಎಂದು, ಪರ್ಲ್ ಝ್ವಿಕರ್ ಎಂದು ಟೈಪ್ ಮಾಡಿದ್ದಳು.

ಹರ್ಮನ್ಸ್ ಕೋವ್ ಎಂಬ ಆ ಮೀನುಗಾರರ ಊರಿನಲ್ಲಿ ಜನ ಇದ್ದಷ್ಟು ಹೆಸರುಗಳಿಲ್ಲ. ನಾಲ್ಕೈದು ಮನೆತನ, ಮಕ್ಕಳಿಗೆ ಇಡುವುದು ಅಜ್ಜಂದಿರ ಅದೇ ಹೆಸರು. ಬೇಸಿಲ್ ಹಿಲ್ಟ್ಸ್ ಎಂದರೆ ಯಾವ ಬೇಸಿಲ್ ಎಂದು ಕೇಳಬೇಕು: ಕೋಸು ಹುಳಿಹಾಕಿ ಮಾರುವ ಹುಳಿಕೋಸಿನ ಬೇಸಿಲ್, ಗುಡ್ಡದ ಬೇಸಿಲ್, ಮೂಗಿನ ಬೇಸಿಲ್. ಹೊರಗಿನಿಂದ ಬಂದ ಕಾಗದ ಸರಿಯಾದ ಬೇಸಿಲನ ಕೈ ಸೇರಬೇಕಾದರೆ ಅಂಚೆಯವನಿಗೆ ಬರೀ ವಿಳಾಸ ಓದಲು ಬಂದರೆ ಸಾಲದು. ಇದು ಬಾಸ್ಟನ್ನಿನಲ್ಲಿರುವ ತಂಗಿಯ ಕೈಬರಹ, ಆದ್ದರಿಂದ ಇದು ಮೂಗಿನವನಿಗೆ, ಎಂದು ಗೊತ್ತಿರಬೇಕು. ಗಾರ್ನೆಟ್‌ಗೆ ಅದೆಲ್ಲ ಗೊತ್ತಿತ್ತು. ಹುಡುಗನಾಗಿದ್ದಾಗ ತಂದೆಯ ಪಕ್ಕ ಟಪಾಲು ಗಾಡಿಯಲ್ಲಿ ಕೂತವನು, ಆಮೇಲೆ ತಾನೇ ಆ ಗಾಡಿ ಓಡಿಸಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಬುಧವಾರಗಳು ಶುರುವಾದದ್ದೇ ಅವನಿಂದ ಎನ್ನಬಹುದು. ಹಳೆಯ ಫೋಟೋಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡುವುದು, ಊರಿನ ಹಿರಿಯರು ಕೂತು ಇದು ಯಾರು ಅದು ಯಾರು ಎಂದು ಹೇಳುವುದು, ಮರ್ನಾ ಬರೆದುಕೊಳ್ಳುವುದು. ಉಳಿದವರು ಬಟ್ಟೆ ನೋಡುತ್ತಿದ್ದರು, ದೋಣಿ ನೋಡುತ್ತಿದ್ದರು. ಅವನು ಕಿವಿ ನೋಡುತ್ತಿದ್ದ. ಮೂಗು ಉಬ್ಬುತ್ತೆ, ಗದ್ದ ಜೋತುಬೀಳುತ್ತೆ, ಕಿವಿ ಮಾತ್ರ ತಾಯಿ ಕೊಟ್ಟ ಹಾಗೇ ಇರುತ್ತೆ ಎನ್ನುತ್ತಿದ್ದ. ಅವನು ಹೆಸರು ಹೇಳಿದ ಮೇಲೆ ಕೋಣೆಯಲ್ಲಿ ಒಂದು ಸಣ್ಣ ನಿಟ್ಟುಸಿರು ಏಳುತ್ತಿತ್ತು, ಸತ್ತವರು ಕೋಟು ಬಿಚ್ಚಿ ಒಳಗೆ ಬಂದು ಕೂತ ಹಾಗೆ. ಮರ್ನಾಗೆ ಆಗ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ ಅದನ್ನು ಮರೆಮಾಡಲು ಅವಳು ಬೇಕೆಂದೇ ಕೀಲಿಮಣೆಯ ಮೇಲೆ ಬಗ್ಗುತ್ತಿದ್ದಳು.

ಆಮೇಲೆ ಚರ್ಚಿನ ಊಟದ ದಿನ. ಹೋದ ವರ್ಷ ಎಲೆ ಉದುರುವ ಕಾಲ, ಉದ್ದ ಮೇಜು, ಹುಳಿಕೋಸು, ಆಲೂಗಡ್ಡೆ, ಹಂದಿಮಾಂಸದ ವಾಸನೆ. ಗುಡ್ಡದ ಬೇಸಿಲ್ ಎದುರಿಗೆ ಬಂದಾಗ ಗಾರ್ನೆಟ್ ಅವನ ಕೈ ಕುಲುಕಿ, ಅಡೆಲ್ ಹೇಗಿದ್ದಾಳೆ, ಕಾಣಲೇ ಇಲ್ಲ ಎಂದು ಅವನ ಹೆಂಡತಿಯ ವಿಷಯ ಕೇಳಿದ. ಅಡೆಲ್‌ಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಗಾರ್ನೆಟ್ ತಾನೇ ಒಬ್ಬ. ಬೇಸಿಲ್ ತಟ್ಟೆ ಹಿಡಿದುಕೊಂಡು ನಿಂತಿದ್ದವನು ಒಂದು ಸಲ ಮರ್ನಾಳ ಮುಖ ನೋಡಿ, ಚೆನ್ನಾಗಿದ್ದಾಳೆ ಗಾರ್ನೆಟ್, ಕೇಳಿದೆ ಅಂತ ಹೇಳ್ತೀನಿ ಎಂದ. ಅಷ್ಟೇ. ಅವಳಿಗೆ ಅಲ್ಲಿಯೇ ಭೂಮಿ ಬಾಯಿಬಿಡಬಾರದೇ ಎನಿಸಿತ್ತು. ಗಂಡನಿಗಾಗಿ ಅಲ್ಲ, ಬೇಸಿಲನ ಆ ಸಭ್ಯತೆಗಾಗಿ. ಬ್ರಿಜ್‌ವಾಟರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೋದರೆ ಮರೆವಿನ ಪರೀಕ್ಷೆ, ಗಡಿಯಾರದ ಚಿತ್ರ ಬರೆಯಿರಿ ಎನ್ನುತ್ತಾರೆ, ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಅವನು ಪೆನ್ಸಿಲು ಹಿಡಿದು ತಡಕಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕಾಗುತ್ತದೆ. ಅದರ ಬದಲು ಅವಳು ಇನ್ನೊಂದು ಮಾಡಿದಳು. ಊಟವಾಗಿ ಪಾತ್ರೆ ತೊಳೆದಾದ ಮೇಲೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿಗೆ ತಂದಿಟ್ಟು, ಹೊಸ ಕ್ಯಾಟಲಾಗು ಬರುತ್ತಲ್ಲ, ಉಳಿದಿರೋದನ್ನ ಮನೆಯಲ್ಲೇ ಮುಗಿಸೋಣ ಎಂದಳು. ಅವನು ಖುಷಿಯಿಂದ ಕನ್ನಡಕ ಒರೆಸಿಕೊಂಡು ಬಂದ. ಯಾರೆಂದು ತಿಳಿಯದ ಮುಖಗಳ ನಡುವೆ ಅವಳು ತನಗೆ ಚೆನ್ನಾಗಿ ಗೊತ್ತಿರುವ ಮುಖಗಳನ್ನು ಸೇರಿಸುತ್ತಿದ್ದಳು. ತನ್ನ ಸೋದರಮಾವ ಲೆಸ್ಟರ್. ಶಾಲೆಯ ಮೇಡಂ. ಅವನು ಹೇಳುವಾಗ ಅವಳು ಫೋಟೋ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಮೊದಮೊದಲು ಎಲ್ಲ ಸರಿಯಿತ್ತು, ಅವಳು ನಿದ್ದೆ ಮಾಡಿದಳು. ಆಮೇಲೆ ಲೆಸ್ಟರ್ ಮಾವ ಒಂದು ವಾರ ಲೆಸ್ಟರ್ ಆದ, ಇನ್ನೊಂದು ವಾರ ಯಾವನೋ ಓವನ್ ಕಾರ್ಕಮ್ ಆದ. ಅವನ ದನಿಯಲ್ಲಿ ಮಾತ್ರ ಒಂದು ಎಳೆಯೂ ಅಲುಗಲಿಲ್ಲ. ತಪ್ಪು ಹೆಸರನ್ನೂ ಅದೇ ಗಟ್ಟಿತನದಿಂದ, ಯಾವ ಮನೆ, ಯಾರ ಮಗ, ಏನು ಕುಡಿಯುತ್ತಿದ್ದ ಎಂಬುದರ ಸಮೇತ ಹೇಳಿದ. ಅವಳು ಬರೆಯದೆ ಇದ್ದರೆ ಅವನಿಗೆ ತಿಳಿದುಬಿಡುತ್ತದೆ. ಆದ್ದರಿಂದ ಬರೆದಳು. ಅವನು ಮಲಗಿದ ಮೇಲೆ ಅಳಿಸಬಹುದಾಗಿತ್ತು. ಅಳಿಸಿದರೆ ತನಗೆ ತಿಳಿದುಬಿಡುತ್ತದೆ. ಹೀಗೆ ಒಂದು ಇಡೀ ಚಳಿಗಾಲ ಅವಳು ಗಂಡನ ತಲೆಯೊಳಗಿನ ಹಾಳುಬಿದ್ದ ಬೀದಿಗಳನ್ನೆಲ್ಲ ಊರಿನ ದಾಖಲೆಗೆ ಸೇರಿಸಿದಳು.

ಹನ್ನೊಂದರ ಸುಮಾರಿಗೆ ಯೂನಿಸ್ ಮೋಷರ್ ಕಂದು ಬ್ರೆಡ್ಡಿನ ಗಂಟು ಹಿಡಿದು ಮೆಟ್ಟಿಲಿಳಿದು ಬಂದಳು. ಬುಧವಾರದ ಕಾಫಿ ಅವಳದೇ ಉಸ್ತುವಾರಿ. ಎಂಬತ್ತು ದಾಟಿದ ಮೇಲೂ ಊರಿನ ಯಾವ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಬಲ್ಲವಳು. ಕೂತು, ಮಂಡಿ ಸವರಿಕೊಂಡು, ಗುರುವಾರ ಹೊಸ ಕ್ಯಾಟಲಾಗನ್ನು ಊರಿಗೆ ತೆರೆಯುವ ಸಮಾರಂಭಕ್ಕೆ ಎಷ್ಟು ಕೇಕು ಬೇಕು, ಮೇಯರ್ ಬರುತ್ತಾನಂತಾ, ಎಂದು ಅದೂ ಇದೂ ಮಾತಾಡಿದಳು. ಮಾತಿನ ನಡುವೆ ಅವಳ ಕಣ್ಣು ಪರದೆಯ ಹಳದಿ ಗೆರೆಗಳ ಮೇಲೆ ಬಿತ್ತು. ಲೆಟಿಯನ್ನೂ ಪರ್ಲ್‌ಳನ್ನೂ ಓದಿದಳು. ಮರ್ನಾ ಪುಟ ಮುಚ್ಚುವ ಹೊತ್ತಿಗೆ ತಡವಾಗಿತ್ತು.

"ಹೋದ ತಿಂಗಳು ನಮ್ಮಕ್ಕ ಆಯ್ಡಾನ ಫೋಟೋ ಗೋಡೆ ಮೇಲೆ ಬಂತಲ್ಲ," ಎಂದಳು ಯೂನಿಸ್. "ಗಾರ್ನೆಟ್ ಅವಳನ್ನ ಝ್ವಿಕರ್ ಹುಡುಗಿ ಮಾಡ್ಬಿಟ್ಟ. ನಾನು ಅವನ ಪಕ್ಕದಲ್ಲೇ ಕೂತಿದ್ದೆ ಕಣೇ."

"ಮತ್ತೆ ನೀನು ಯಾಕೆ ಬಾಯಿ ಬಿಡಲಿಲ್ಲ?"

"ನೀನು ಬರ್ಕೊಂಡೆಯಲ್ಲ. ಹೆಂಡ್ತಿಯೇ ಬರ್ಕೋತಿದ್ದಾಳೆ, ನಾವ್ಯಾರು ಅಡ್ಡ ಬಾಯಿ ಹಾಕೋದಕ್ಕೆ ಅಂತ ಸುಮ್ನಾದ್ವಿ."

ಸುಮ್ನಾದ್ವಿ. ಮರ್ನಾ ಆ ಬಹುವಚನವನ್ನು ನುಂಗಿಕೊಂಡಳು. ಅಂದರೆ ಎಲ್ಲರೂ. ಅವಳು ಕೀಲಿಮಣೆಯ ಮೇಲೆ ಬಗ್ಗಿಕೊಂಡಿದ್ದಾಗ ಬೆನ್ನ ಹಿಂದೆ ಇಡೀ ಕೋಣೆ, ಮೂಗಿನ ಬೇಸಿಲನೂ ಸೇರಿ, ತಪ್ಪು ಹೆಸರುಗಳಿಗೆ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು. ತಮ್ಮ ತಮ್ಮ ಅಕ್ಕಂದಿರನ್ನೂ ಚಿಕ್ಕಪ್ಪಂದಿರನ್ನೂ ಅವನಿಗಾಗಿ ಬಿಟ್ಟುಕೊಟ್ಟು, ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು. ತಾನೊಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದು ಊರಿನ ಎಲ್ಲರ ಹೊಟ್ಟೆಯಲ್ಲೂ ಇತ್ತು. ಯೂನಿಸ್ ಅವಳ ತೋಳು ತಟ್ಟಿ, ಬ್ರೆಡ್ಡು ಇವತ್ತೇ ತಿಂದುಬಿಡಿ, ನಾಳೆಗೆ ಗಟ್ಟಿಯಾಗುತ್ತೆ ಎಂದು ಹೇಳಿ ಮೆಟ್ಟಿಲು ಹತ್ತಿದಳು. ಆ ಕೈ ತಟ್ಟಿದ ಜಾಗ ಬಹಳ ಹೊತ್ತು ಉರಿಯುತ್ತಿತ್ತು.

ಮಧ್ಯಾಹ್ನ ಮ್ಯೂಸಿಯಂನ ನಿರ್ದೇಶಕಿ ಬ್ರಿಯೊನಿ ಕರೆದಳು. ಹ್ಯಾಲಿಫ್ಯಾಕ್ಸಿನಿಂದ ಬಂದ ಚುರುಕು ಹುಡುಗಿ. ಕೆಡುಕಿಲ್ಲದವಳು, ಅದೇ ಕಷ್ಟ. ಕೆಟ್ಟವರ ಮುಂದೆ ಸುಳ್ಳು ಹೇಳುವುದು ಸುಲಭ. ಮೇಜಿನ ಮೇಲೆ ಗುರುವಾರದ ದೊಡ್ಡ ಚಿತ್ರಪಟ ಹಾಸಿದ್ದಳು. ಗಾರ್ನೆಟ್‌ನ ಮುಖ, ಹಳೆಯ ಟಪಾಲು ಟೊಪ್ಪಿಗೆ, ಕೆಳಗೆ ಊರಿನ ಪ್ರತಿಯೊಂದು ಮುಖವನ್ನೂ ಬಲ್ಲವರು ಎಂಬ ಅಕ್ಷರಗಳು. ಸಾರ್ವಜನಿಕರಿಗಾಗಿ ಕ್ಯಾಟಲಾಗು ತೆರೆದ ಕೂಡಲೇ ಮೊದಲ ಹೆಸರನ್ನು ಅವನೇ ಹುಡುಕಬೇಕಂತೆ, ಎಲ್ಲರೂ ದೊಡ್ಡ ಪರದೆಯಲ್ಲಿ ನೋಡಬೇಕಂತೆ. ಅವರಿಗೆ ಮೊದಲೇ ಹೇಳಬೇಡಿ, ಚಕಿತರಾಗಲಿ ಎಂದಳು. ಮರ್ನಾ ಆ ಟೊಪ್ಪಿಗೆಯನ್ನು ನೋಡುತ್ತಾ, ಫೋಟೋಗಳ ಭಾಗವನ್ನು ಸ್ವಲ್ಪ ದಿನ ತಡೆಹಿಡಿಯಬಹುದೇ ಎಂದು ಕೇಳಿದಳು. ಯಾಕೆ ಎಂದು ಬ್ರಿಯೊನಿ ಕೇಳಿದ್ದಕ್ಕೆ ಕೆಲವು ಹೆಸರು ಹೆಚ್ಚುಕಮ್ಮಿ ಆಗಿರಬಹುದು ಎಂದಳು. ಕೆಲವು ಎಂದರೆ ಯಾವುವು? ಅದನ್ನು ಹೇಳಲು ಅವಳಿಗೆ ಬರಲಿಲ್ಲ. ಯಾವ ಹೆಸರು ಯಾವ ದಿನ ಬರೆದದ್ದು ಎಂಬುದು ಹಳೆಯ ಕ್ಯಾಟಲಾಗಿನಲ್ಲಿತ್ತು. ಹೊಸದಕ್ಕೆ ಸಾಗಿಸುವಾಗ ಆ ದಿನಾಂಕಗಳು ಬರಲಿಲ್ಲ, ಬೇಡ ಎಂದು ಸಹಿ ಹಾಕಿದವಳು ಮರ್ನಾಳೇ. ಮೊದಲಿನ ಬುಧವಾರಗಳ ಬಂಗಾರದಂಥ ಹೆಸರುಗಳೂ ಅಡುಗೆಮನೆಯ ಹೆಸರುಗಳೂ ಈಗ ಒಂದೇ ಬಣ್ಣದಲ್ಲಿ, ಒಂದೇ ಹೆಸರಿನ ಕೆಳಗೆ ಬೆರೆತುಹೋಗಿದ್ದವು.

"ಅದಕ್ಕೇನು, ಸುಲಭ ಇದೆ," ಎಂದಳು ಬ್ರಿಯೊನಿ. ಹೊಸದರಲ್ಲಿ ಪ್ರತಿ ಹೆಸರಿನ ಮುಂದೆಯೂ ಒಂದು ಸಣ್ಣ ಚೌಕದ ಮನೆ ಇದೆ, ಒತ್ತಿದರೆ ಮೂರು ಮಾತು ತೆರೆದುಕೊಳ್ಳುತ್ತವೆ: ಖಚಿತ, ಇರಬಹುದು, ಗೊತ್ತಿಲ್ಲ. ಒಬ್ಬರು ಹೇಳಿದ ಎಲ್ಲ ಹೆಸರುಗಳನ್ನೂ ಒಂದೇ ಏಟಿಗೆ ಕೆಳಗಿಳಿಸಲೂಬಹುದು. "ನಿಮಗೆ ಯಾರ ಮೇಲೆ ಅನುಮಾನ, ಅವರ ಹೆಸರು ಹೇಳಿ ಸಾಕು, ನಾನೇ ಮಾಡ್ತೀನಿ. ಯಾರು ಅವರು?"

ಮರ್ನಾ ಚಿತ್ರಪಟದ ಮೂಲೆ ಸುರುಳಿಯಾಗದಂತೆ ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ನಾನೇ ನೋಡ್ಕೋತೀನಿ, ಸಂಜೆಯೊಳಗೆ ಹೇಳ್ತೀನಿ ಎಂದಳು. ನೆಲಮಾಳಿಗೆಗೆ ಇಳಿದು ಮತ್ತೆ ಪರದೆಯ ಮುಂದೆ ಕೂತಳು. ಒಂದು ದಾರಿಯಲ್ಲಿ ಗುರುವಾರ ಇಡೀ ಊರಿನೆದುರು, ಕೈಯಿಲ್ಲದ ಪರ್ಲ್ ಎರಡು ಕೈ ಸೊಂಟದ ಮೇಲಿಟ್ಟು ನಿಲ್ಲುತ್ತಾಳೆ, ಯೂನಿಸ್‌ಳ ಅಕ್ಕ ಇನ್ನೆಂದೂ ಆಯ್ಡಾ ಆಗುವುದಿಲ್ಲ, ಹುಡುಕಿಕೊಂಡು ಬಂದ ಮೊಮ್ಮಕ್ಕಳು ಯಾರದೋ ಮುಖವನ್ನು ತಮ್ಮ ಅಜ್ಜಿ ಎಂದು ಮನೆಗೆ ಒಯ್ಯುತ್ತಾರೆ. ಇನ್ನೊಂದು ದಾರಿಯಲ್ಲಿ ಅವನು ಜೀವಮಾನವೆಲ್ಲ ತಲೆಯಲ್ಲಿ ಹೊತ್ತದ್ದರ ಮುಂದೆ ಗೊತ್ತಿಲ್ಲ ಎಂದು ಬೀಳುತ್ತದೆ, ಅದೂ ಹೆಂಡತಿಯ ಕೈಯಿಂದ. ಈ ಎರಡರಲ್ಲಿ ಒಂದನ್ನು ಆರಿಸಲು ಬೇಕಾದ ಸಿಟ್ಟೂ ಅವಳಲ್ಲಿ ಉಳಿದಿರಲಿಲ್ಲ. ಯೂನಿಸ್‌ಳ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಬೆಲ್ಲದ ಪಾಕದ, ತುಸು ಕಹಿ ಬೆರೆತ ಸಿಹಿ. ಹಸಿವೇ ಇರಲಿಲ್ಲ, ಆದರೂ ತಿಂದಳು.

ಗಾರ್ನೆಟ್ ಬಂದದ್ದು ಮೂರರ ಮೇಲೆ. ಕಾರಿನ ಕೀಲಿಯನ್ನು ಅವಳು ತನ್ನ ಚೀಲದಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದಳು. ಅವನು ಅದನ್ನು ಕೇಳದೆ, ನಡಿಗೆ ಒಳ್ಳೆಯದು ಎಂದು ತಾನೇ ಹೇಳಿಕೊಂಡು, ದಿನವೂ ಅವಳನ್ನು ಕರೆದೊಯ್ಯಲು ನಡೆದು ಬರುತ್ತಿದ್ದ. ಮಂಜಿಗೆ ಹುಬ್ಬು ಒದ್ದೆಯಾಗಿತ್ತು. ಕುರ್ಚಿ ಎಳೆದು ಪಕ್ಕದಲ್ಲಿ ಕೂತ, ಒಂದು ತುಂಡು ಬ್ರೆಡ್ಡು ತಾನೂ ಮುರಿದುಕೊಂಡ. ಅವಳಿಗೆ ಏನಾದರೂ ಮಾತಾಡಬೇಕೆನಿಸಿತು. ಬಾಯಿಗೆ ಬಂದದ್ದು ಆ ಚಳಿಗಾಲವೆಲ್ಲ ಬಾಯಿಗೆ ಅಂಟಿಕೊಂಡಿದ್ದ ಮಾತು. ಪರದೆಯ ಮೇಲೆ ಇದ್ದ ಯಾವುದೋ ಒಂದು ಮುಖ, ಬಲೆ ಹೊಲಿಯುತ್ತ ಕೂತ, ಅವಳಿಗೂ ಗೊತ್ತಿಲ್ಲದ ಗಡ್ಡದ ಗಂಡಸು, ಅದನ್ನು ದೊಡ್ಡದು ಮಾಡಿ ಇವನು ಯಾರು ಎಂದಳು. ಬೆರಳುಗಳು ತಾವಾಗಿಯೇ ಕೀಲಿಗಳ ಮೇಲೆ ಎದ್ದು ನಿಂತವು.

ಅವನು ನೋಡಿದ. ಬ್ರೆಡ್ಡು ಅಗಿದು ನುಂಗಿದ.

"ಗೊತ್ತಿಲ್ಲ," ಎಂದ.

ಆ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿರಲೇ ಇಲ್ಲ. ಬುಧವಾರವೂ ಇಲ್ಲ, ಅಡುಗೆಮನೆಯಲ್ಲೂ ಇಲ್ಲ. ಇನ್ನೊಂದು ಸಲ ನೋಡು, ಕಿವಿ ನೋಡು ಎಂದಳು. ದನಿ ತನ್ನದೇ ಎನಿಸಲಿಲ್ಲ, ಮಕ್ಕಳಿಗೆ ಪಾಠ ಒಪ್ಪಿಸಿಕೊಳ್ಳುವವರ ದನಿ.

"ಸಾಕು ಮಾಡು ಮರ್ನಾ. ನಿಮ್ಮ ಲೆಸ್ಟರ್ ಮಾವನ್ನ ನನಗೆ ಎಷ್ಟು ಸಲ ತೋರಿಸಿದೀಯ?"

ಅವಳ ಕೈ ಮಡಿಲಿಗೆ ಬಿತ್ತು. ಮುಖ ಎತ್ತಲಾಗಲಿಲ್ಲ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಕ್ಕುತ್ತಿತ್ತು. ನಿನಗೆ ಗೊತ್ತಿತ್ತಾ ಎಂದು ಕೇಳಿದಳು. ಲೆಸ್ಟರನದು ಮೊದಲ ಸಲ ಬಂದಾಗಲೇ ಗೊತ್ತಾಯ್ತು, ನಿನ್ನ ಮನೆಯವರನ್ನ ನೀನು ನನ್ನ ಕೇಳೋದು ಯಾಕೆ ಎಂದ. ಅವಳು ತನ್ನನ್ನು ನೋಡುತ್ತಿದ್ದಾಳೆ, ಫೋಟೋವನ್ನಲ್ಲ, ಅದೂ ಗೊತ್ತಿತ್ತಂತೆ. ಒಂದೊಂದು ಮುಖ ಹತ್ತಿರ ಬಂದು, ಇನ್ನೇನು ಹೆಸರು ನಾಲಿಗೆಗೆ ಬಂತು ಎನ್ನುವಾಗ ಜಾರಿಹೋಗುತ್ತದಂತೆ. ಜಾರಿದ ಜಾಗದಲ್ಲಿ ಇನ್ನೊಂದು ಹೆಸರು, ಅಷ್ಟೇ ಚೆಂದದ್ದು, ಬಂದು ನಿಲ್ಲುತ್ತದಂತೆ. ಕೆಲವು ಸಲ ತನಗೇ ನಿಜ ಎನಿಸುತ್ತಿತ್ತು, ಕೆಲವು ಸಲ ಇಲ್ಲ.

"ಇಲ್ಲ ಅನ್ನಿಸಿದಾಗಲೂ ಯಾಕೆ ಹೇಳಿದೆ ಮತ್ತೆ? ಗೊತ್ತಿಲ್ಲ ಅಂದಿದ್ರೆ ಆಗಿತ್ತಲ್ಲ."

"ನೀನು ಕೈ ಎತ್ಕೊಂಡು ಕಾಯ್ತಾ ಇರ್ತಿದ್ದೆ ಕಣೇ," ಎಂದ. "ಬಾಗಿಲಲ್ಲಿ ಕಾಯ್ತಾ ನಿಂತವರಿಗೆ ಇವತ್ತು ಏನೂ ಇಲ್ಲ ಅನ್ನೋದು ನನ್ನ ಕೈಲಿ ಯಾವತ್ತಾದ್ರೂ ಆಗಿದೆಯಾ?"

ಆಗಿರಲಿಲ್ಲ. ಮುದುಕಿ ಗ್ರೇಟಾ ಕಾರ್ಕಮ್, ಮಗ ದೋಣಿಯೊಂದಿಗೆ ಮುಳುಗಿಹೋದ ಮೇಲೂ ದಿನವೂ ಟಪಾಲು ಪೆಟ್ಟಿಗೆಯ ಹತ್ತಿರ ಬಂದು ನಿಲ್ಲುತ್ತಿದ್ದವಳು, ಅವಳಿಗಾಗಿ ಅವನು ಬೀಜದ ಕಂಪನಿಗಳ ಜಾಹೀರಾತು, ಚಪ್ಪಲಿ ಅಂಗಡಿಯ ಕಾಗದ ಏನಾದರೂ ಒಂದನ್ನು ಹಿಂದಿನ ದಿನವೇ ಎತ್ತಿಟ್ಟುಕೊಳ್ಳುತ್ತಿದ್ದ. ಬರಿಗೈಯಲ್ಲಿ ಆ ಮನೆ ದಾಟಲಿಲ್ಲ. ಅದನ್ನು ಕೇಳಿ ಮದುವೆಯಾದ ಹೊಸದರಲ್ಲಿ ಮರ್ನಾ ನಕ್ಕಿದ್ದಳು, ಅದು ಮೋಸ ಅಲ್ವಾ ಎಂದಿದ್ದಳು. ಈಗ ನಗು ಬರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಅವಳೂ ದಿನವೂ ಹೋಗಿ ನಿಂತಿದ್ದಳು. ಅವನು ಬರಿಗೈಯಲ್ಲಿ ಕಳಿಸಿರಲಿಲ್ಲ. ಅವಳಿಗೆ ಅಳು ಬಂತು, ತಡೆಯಲಿಲ್ಲ. ಅವನು ಕರವಸ್ತ್ರ ಹುಡುಕಿ, ಸಿಗದೆ, ಬ್ರೆಡ್ಡು ಸುತ್ತಿದ್ದ ಬಟ್ಟೆಯನ್ನೇ ಕೊಟ್ಟ.

ಆಮೇಲೆ ಎಲ್ಲವನ್ನೂ ಹೇಳಿದಳು: ಯೂನಿಸ್, ಆಯ್ಡಾ, ಮೇಲೆ ಹಾಸಿಟ್ಟ ಚಿತ್ರಪಟ, ಮೂರು ಮಾತುಗಳ ಮನೆ. ಚಿತ್ರಪಟದ ವಿಷಯಕ್ಕೆ ಅವನು ಮುಜುಗರಪಟ್ಟು ತಲೆ ಕೆರೆದುಕೊಂಡ. ಯೂನಿಸ್ ವಿಷಯಕ್ಕೆ ಮುಖ ಸಣ್ಣದಾಯಿತು. ಅವಳು ಪಕ್ಕದಲ್ಲೇ ಕೂತಿದ್ದಳಲ್ಲ ಎಂದು ಎರಡು ಸಲ ಹೇಳಿದ. ಗುರುವಾರ ಬರುತ್ತೇನೆ, ಹಿಂದೆ ಕೂರುತ್ತೇನೆ, ಮುಂದೆ ಕರೆಯಬೇಡ ಎಂದು ಆ ಹುಡುಗಿಗೆ ಹೇಳು ಎಂದ. ಸತ್ತವರ ತಲೆಗೆ ಇನ್ನೊಬ್ಬರ ಹೆಸರು ಕಟ್ಟಿ ಕಳಿಸುವುದು ಬೇಡ. ತೆಗೆಯೋಣ, ಆದರೆ ಒಂದೇ ಏಟಿಗೆ ಬೇಡ, ಒಂದೊಂದಾಗಿ. ಸಿಕ್ಕಷ್ಟು ಸಿಗಲಿ.

ಹಾಗೆ ಶುರುಮಾಡಿದರು. ಅವಳು ತೋರಿಸುವುದು, ಅವನು ನೋಡುವುದು, ಮೂರರಲ್ಲಿ ಒಂದು ಮಾತು ಹೇಳುವುದು. ಪರ್ಲ್‌ಳ ಎರಡು ಕೈ ಕಂಡು ಅವನಿಗೇ ನಗು ಬಂತು, ಒಂದು ಕೈ ನಾನು ಕೊಟ್ಟಿದ್ದು ಅಂತ ಇಟ್ಕೊಳ್ಳಲಿ ಬಿಡು ಎಂದ. ಗೊತ್ತಿಲ್ಲ. ಇರಬಹುದು. ಇರಬಹುದು. ಗೊತ್ತಿಲ್ಲ. ಖಚಿತ ಎನ್ನುವುದು ಅಪರೂಪ. ಅವನು ಎಚ್ಚರದಿಂದ ಹೆಜ್ಜೆ ಇಡುತ್ತಿದ್ದ, ಗಟ್ಟಿ ಎನಿಸಿದ ಹೆಸರನ್ನೂ ಒಂದು ಮೆಟ್ಟಿಲು ಕೆಳಗೇ ಇಡುತ್ತಿದ್ದ. ಬ್ರಿಯೊನಿ ಒಂದು ಸಲ ಇಣುಕಿ, ಇಬ್ಬರನ್ನೂ ನೋಡಿ, ಏನೂ ಕೇಳದೆ ಹೋದಳು. ಅವಳಿಗೂ ಅಷ್ಟು ಹೊತ್ತಿಗೆ ಯಾರ ಹೆಸರು ಎಂದು ಹೊಳೆದಿರಬೇಕು. ಮರ್ನಾಳ ಮೈ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಆದರೂ ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆ ಎನಿಸಿ, ಬಳಲಿಕೆಯಲ್ಲಿಯೇ ಒಂದು ಬಗೆಯ ಹಗುರತನ ಸಿಕ್ಕಿತು. ಇನ್ನು ಪರೀಕ್ಷೆ ಇಲ್ಲ. ಇನ್ನು ಸುಮ್ಮನೆ ಕೇಳಬಹುದು.

ಹಿಲ್ಟ್ಸರ ಪೆಟ್ಟಿಗೆಯ ಫೋಟೋಗಳಲ್ಲಿ ಯಾರೂ ಇನ್ನೂ ನೋಡಿರದ ಕೆಲವು ಉಳಿದಿದ್ದವು. ಒಂದು ತೆರೆದಳು. ಮೀನಿನ ಕಾರ್ಖಾನೆಯ ಹಿಂಬದಿಯ ಮೆಟ್ಟಿಲು, ಎಣ್ಣೆಬಟ್ಟೆಯ ಏಪ್ರನ್ ತೊಟ್ಟ ಹುಡುಗಿಯರ ಸಾಲು. ನಡುವಿನವಳು ಗಾಳಿಗೆ ಹಾರುವ ಕೂದಲನ್ನು ಮಣಿಕಟ್ಟಿನಿಂದ ಒತ್ತಿಹಿಡಿದು, ಯಾರದೋ ಮಾತಿಗೆ ಬಾಯಿತುಂಬ ನಗುತ್ತಿದ್ದಳು. ಗಾರ್ನೆಟ್ ಮುಂದಕ್ಕೆ ಬಗ್ಗಿದ. ಕನ್ನಡಕ ತೆಗೆದ, ಹಾಕಿಕೊಂಡ.

"ಇದು ನಮ್ಮಮ್ಮ," ಎಂದ.

ಅವನ ತಾಯಿ ವೈಲಾ. ಮರ್ನಾಗೆ ಗೊತ್ತಿದ್ದ ವೈಲಾ, ಊದಿದ ಕಾಲುಗಳನ್ನು ಮಣೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತು, ಸೊಸೆಯ ಆಲೂಗಡ್ಡೆ ಬೆಂದಿಲ್ಲ ಎನ್ನುತ್ತಿದ್ದ ಭಾರದ ಹೆಂಗಸು. ಅವಳ ಹಲ್ಲು ಕಂಡ ನೆನಪಿಲ್ಲ. ಹಳೆಯ ಮನೆ ಸುಟ್ಟುಹೋದಾಗ ಫೋಟೋಗಳೆಲ್ಲ ಹೋಗಿದ್ದವು, ಹೋಲಿಸಿ ನೋಡಲು ಒಂದೂ ಇಲ್ಲ. ನಮ್ಮಮ್ಮ ಇಷ್ಟು ಚಿಕ್ಕವಳು ನೋಡು, ಯಾಕೆ ನಗ್ತಿದಾಳೋ, ಎಂದು ಅವನು ಹೇ‍ಳುತ್ತಿದ್ದ. ಅವನ ಹುಬ್ಬಿನ ಮಂಜು ಆರಿ ಕೂದಲು ಎದ್ದು ನಿಂತಿತ್ತು. ಇದಕ್ಕೆ ಖಚಿತ ಅಂತ ಹಾಕು ಎಂದ. ಅವಳು ವೈಲಾ ವೆಂಟ್ಜೆಲ್ ಎಂದು ಟೈಪ್ ಮಾಡಿದಳು. ಗುರುತಿಸಿದವರು, ಮಗ, ಎಂದು ಸೇರಿಸಿದಳು. ಮೂರು ಮಾತುಗಳ ಮನೆ ತೆರೆದಳು. ಆಮೇಲೆ, ತಾನು ಮಾಡುತ್ತಿರುವುದು ಏನು ಎಂದು ತಿಳಿಯುವ ಮೊದಲೇ, ಅವಳು ಫೋಟೋ ಬಿಟ್ಟು ಅವನ ಮುಖ ನೋಡಿದಳು.

ಒಂದು ಉಸಿರಿನಷ್ಟು ಹೊತ್ತು. ಅದನ್ನು ಅವನು ಕಂಡ. ಅವಳು ಮತ್ತೆ ಪರದೆಗೆ ತಿರುಗಿದಾಗ ಬಾಣದ ಗುರುತು ಇರಬಹುದು ಎಂಬುದರ ಮೇಲೆ ನಿಂತಿತ್ತು. ಕೈ ಸಂಜೆಯೆಲ್ಲ ಹೋಗಿ ಹೋಗಿ ಅಭ್ಯಾಸವಾದ ಜಾಗಕ್ಕೇ ಹೋಗಿತ್ತು. ಅವಳು ಗಡಬಡಿಸಿ ಅದನ್ನು ಮೇಲಕ್ಕೆ, ಖಚಿತದ ಕಡೆಗೆ ಎಳೆದಳು. ಅಷ್ಟರಲ್ಲಿ ಅವನ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಒಣಗಿದ, ಬೆಚ್ಚಗಿನ ಕೈ.

"ಬಿಡು," ಎಂದ. "ಅಲ್ಲೇ ಇರಲಿ."

"ಇಲ್ಲ ಗಾರ್ನೆಟ್, ನೀನು ಹೇಳಿದ ಮೇಲೆ ಮುಗೀತು. ನಾನು ಬರೀ..."

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ನಗುತ್ತಿದ್ದ ಹುಡುಗಿಯನ್ನೇ ನೋಡುತ್ತಿದ್ದ. ಅವಳ ಕೈಯನ್ನು ತನ್ನ ಕೈಯಡಿ ಹಾಗೇ ಇಟ್ಟುಕೊಂಡು, ಬಾಣವನ್ನು ನಿಧಾನವಾಗಿ ಕೆಳಗಿಳಿಸಿ, ಒತ್ತಿದ.

"ನಮ್ಮಮ್ಮ ಇರಬಹುದು," ಎಂದ, ಓದಿದ ಹಾಗೆ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಮುಂದಿನದು ತೋರಿಸು," ಎಂದ.